ಕುದುರೆ ಬಾಲಕ್ಕೆ ಕಟ್ಟಿದ ದುಡ್ಡು

ಯಾರಾದರೂ ಆಸ್ತಿ ಕರಗಿಸಿದರೆ ‘ಕುದುರೆ ಬಾಲಕ್ಕೆ ಕಟ್ಟಿದ’ ಎಂದು ನಮ್ಮ ಕಡೆ ಹೇಳುವುದುಂಟು. ತಮಾಷೆಯೆಂದರೆ, ಹಾಸನ ಜಿಲ್ಲೆಯಲ್ಲಿ ಒಂದು ರೇಸ್‌ಕೋರ್ಸೂ ಇಲ್ಲ. ಆದರೆ ಜಿಲ್ಲೆ ಇರುವ ಜಾಗವೇ ಹಾಗೆ. ಚನ್ನರಾಯಪಟ್ಟಣದ ರಸ್ತೆ ಹಿಡಿದರೆ ಬೆಂಗಳೂರಿನ ರೇಸು, ಹೊಳೆನರಸೀಪುರದಲ್ಲಿ ರೈಲು ಹತ್ತಿದರೆ ಮೈಸೂರಿನ ರೇಸು. ಅರಕಲಗೂಡಿನವರಿಗೂ ಮೈಸೂರೇ ಹತ್ತಿರ.

ಕುದುರೆಯ ಹುಚ್ಚು ಈ ಸೀಮೆಗೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಳಪಟ್ಟಿಗಳಲ್ಲಿ ಆನೆಗಳ ಸಾಲಿನ ಮೇಲೆ ಕುದುರೆ ಸವಾರರ ಸಾಲೂ ಇದೆ. ಆ ಕಾಲಕ್ಕೆ ಒಳ್ಳೆಯ ಕುದುರೆಗಳು ಅರಬ್ ದೇಶಗಳಿಂದ ಹಡಗಿನಲ್ಲಿ ಬರಬೇಕಿತ್ತು. ಇಂದು ರೇಸಿಗೆ ಓಡುವ ಥರೋಬ್ರೆಡ್ ತಳಿಯ ಗಂಡು ವಂಶಾವಳಿಯೂ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರೇ ಬೀಜದ ಕುದುರೆಗಳಿಗೆ ತಲುಪುತ್ತದೆ.

ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಣಿಗಲ್ಲಿನ ಕುದುರೆ ಫಾರಂ ಈ ಕಥೆಯ ನಡುಗೊಂಡಿ. 400 ಎಕರೆಗೂ ಮಿಕ್ಕ ಈ ಹುಲ್ಲುಗಾವಲು ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕಿದ ನೆಲೆ. ಮುಂದೆ ಯುದ್ಧಕ್ಕೆ ಕುದುರೆ ಬೇಡವಾಯಿತು, ಫಾರಂ ಮಾತ್ರ ಮುಚ್ಚಲಿಲ್ಲ. ರೇಸಿನ ಮರಿಗಳನ್ನು ಬೆಳೆಸತೊಡಗಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಒಂದರ್ಥದಲ್ಲಿ ದಂಡು ಕೈಬಿಟ್ಟ ಕುದುರೆಯನ್ನು ಸಾಕಿದ್ದು ಬಾಜಿಯ ದುಡ್ಡು.

ಮೈಸೂರು ರೇಸ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಚಾಮುಂಡಿ ಬೆಟ್ಟದ ತಪ್ಪಲಿನ ಆ ಮೈದಾನದಲ್ಲಿ ರೇಸ್ ನೋಡುವ ಸುಖವೇ ಬೇರೆ. ಓಟವೇನೋ ಒಂದೆರಡು ನಿಮಿಷದ್ದು. ನಿಜವಾದ ರುಚಿ ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿದೆ. ಕುದುರೆಗಳನ್ನು ಸುತ್ತು ಹೊಡೆಸುವಾಗ ಕಟಕಟೆಗೆ ಒರಗಿ ಮೈಬೆವರು, ಕಿವಿ, ನಡಿಗೆ ನೋಡುವವರ ಮಾತು ಕೇಳಬೇಕು. ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರ ಮಾತೇ ಅದು! ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೇರಿ ಎಲ್ಲವನ್ನೂ ಸಮ ಮಾಡುವ ‘ಹ್ಯಾಂಡಿಕ್ಯಾಪ್’ ಪದ್ಧತಿಯೂ ಇದೆ. ಸವಾರ ಹಗುರವಾಗಿದ್ದರೆ ಜೀನಿಗೆ ಸೀಸದ ತುಂಡು ಸೇರಿಸುತ್ತಾರೆ. ಊಹೆ ಕಷ್ಟವಾಗುವುದು ಇದರಿಂದಲೇ.

ಇನ್ನು ದುಡ್ಡಿನ ಲೆಕ್ಕ. ಬುಕ್ಕಿಯಾದರೆ ತಾನೇ ದರ ಹೇಳುತ್ತಾನೆ. ‘ಟೋಟ್’ ಕೌಂಟರಿನಲ್ಲಿ ಹಾಗಲ್ಲ, ಅಲ್ಲಿ ನಿಮ್ಮ ಎದುರಾಳಿ ಪಕ್ಕದ ಸಾಲಿನವನೇ. 1860ರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಒಲ್ಲೆ ಕಂಡುಹಿಡಿದ ಕ್ರಮವಿದು. ಎಣಿಕೆಗೆ ಅನುಕೂಲವಾಗಲೆಂದು 1 ಲಕ್ಷ ರೂಪಾಯಿ ಸೇರಿತು, ತೆರಿಗೆ, ಕಮಿಷನ್ ಕಳೆದು 80 ಸಾವಿರ ಉಳಿಯಿತು ಎನ್ನೋಣ. ಗೆದ್ದ ಕುದುರೆಯ ಮೇಲೆ 40 ಸಾವಿರ ಬಿದ್ದಿದ್ದರೆ ಹತ್ತು ರೂಪಾಯಿಗೆ ಇಪ್ಪತ್ತು. ಯಾರೂ ನೆಚ್ಚದ ಕುದುರೆ ಗೆದ್ದು, ಅದರ ಮೇಲೆ ಬರೀ 2 ಸಾವಿರ ಇದ್ದರೆ ಹತ್ತಕ್ಕೆ ನಾನೂರು! ಈ ನಾನೂರರ ಆಸೆಯೇ ಜನರನ್ನು ಎಳೆಯುವುದು. ಯಾರು ಗೆದ್ದರೂ ಕಳೆದ 20 ಸಾವಿರ ಮಾತ್ರ ಆಟಗಾರರಿಗೆ ಹಿಂದಿರುಗುವುದಿಲ್ಲ.

ಹಳ್ಳಿಯ ಜಗಲಿಯಲ್ಲಿ ಇಸ್ಪೀಟು ಕಲೆಸಿದರೆ ಪೊಲೀಸರು ಬರುತ್ತಾರೆ, ರೇಸಿಗೇಕೆ ವಿನಾಯಿತಿ? ಉತ್ತರ ಇತಿಹಾಸದಲ್ಲಿದೆ. ಮೈಸೂರು ಸಂಸ್ಥಾನ 1932ರಲ್ಲೇ ಬಾಜಿಗೆ ತೆರಿಗೆ ಹಾಕುವ ಕಾಯ್ದೆ ತಂದಿತು. 1952ರಲ್ಲಿ ರೇಸ್‌ಕೋರ್ಸ್ ಪರವಾನಗಿ ಕಾಯ್ದೆ ಬಂತು. ಪಾಲು ಪಡೆಯುವ ಸರ್ಕಾರ ಅದನ್ನು ಜೂಜೆಂದು ಕರೆಯುವುದು ಕಷ್ಟ. ತಮಿಳುನಾಡು ರೇಸನ್ನು ನಿಲ್ಲಿಸಲು ಹೊರಟಾಗ ವಿವಾದ ದೆಹಲಿ ಮುಟ್ಟಿತು. ಕುದುರೆಯ ತಳಿ, ತರಬೇತಿ, ಸವಾರನ ಚಾತುರ್ಯವೇ ಇಲ್ಲಿ ಮುಖ್ಯ, ಆದ್ದರಿಂದ ಇದು ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕುದುರೆ, ಸವಾರನ ಕೌಶಲ ಒಪ್ಪೋಣ. ಟಿಪ್ಸ್ ಕೇಳಿ ಸಾಲಿನಲ್ಲಿ ನಿಂತವನದು ಎಷ್ಟು ಎಂಬ ಅನುಮಾನ ನನಗೆ ಉಳಿದೇ ಇದೆ.

ಅತ್ತ ತೆರಿಗೆಯೂ ಏರುತ್ತಲೇ ಬಂತು. 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದವನ ಪಾಲು ಅಷ್ಟಷ್ಟೇ ಸಣ್ಣದಾಯಿತು. ಆದರೂ ಕಡೆಯ ರೇಸು ಮುಗಿದ ಮೇಲೆ ಕಾಲಡಿ ಹರಿದ ಟಿಕೆಟುಗಳನ್ನು ತುಳಿಯುತ್ತಾ ಹೊರಬರುವ ಗುಂಪಿನ ಬಾಯಲ್ಲಿ, ಮುಂದಿನ ರೇಸಿನ ಕುದುರೆಯ ಹೆಸರು ಆಗಲೇ ಓಡಾಡುತ್ತಿರುತ್ತದೆ.