ಮರದ ಪೊಟರೆಯ ಟರಾಂಟುಲಾ: ಸಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಗುತ್ತಿಗಾರು: ಸುಳ್ಯ ತಾಲೂಕಿನ ಗುತ್ತಿಗಾರು ಸುತ್ತಮುತ್ತ ಅಡಿಕೆ ತೋಟ ಮುಗಿಯುವಲ್ಲಿ ಕಾಡು ಆರಂಭವಾಗುತ್ತದೆ. ಇಂಥ ಊರುಗಳಲ್ಲಿ ಅಂಗೈಯಗಲದ ಜೇಡ ಮನೆಯೊಳಗೆ ಕಾಣಿಸಿಕೊಳ್ಳುವುದು ಹೊಸತೇನಲ್ಲ. ಆದರೆ ಅವೆಲ್ಲವೂ ಟರಾಂಟುಲಾಗಳಲ್ಲ. ಗೋಡೆಗೆ ಅಂಟಿಕೊಂಡು ಜಿರಲೆ ಹಿಡಿಯುವ ಚಪ್ಪಟೆ ದೇಹದ ಹಂಟ್ಸ್‌ಮನ್ ಜೇಡವನ್ನೇ ಜನ ಹೆಚ್ಚಾಗಿ ಟರಾಂಟುಲಾ ಎಂದು ತಪ್ಪು ತಿಳಿಯುತ್ತಾರೆ. ನಿಜವಾದ ಮರವಾಸಿ ಟರಾಂಟುಲಾಗೆ ಮೈತುಂಬ ರೋಮ, ದಪ್ಪ ಕಾಲು, ಬೂದು-ಕಪ್ಪು ಚಿತ್ತಾರವಿರುತ್ತದೆ. ಈ ಚೆಲುವೇ ಅದನ್ನು ವಿದೇಶಿ ಹವ್ಯಾಸಿಗಳ ಗಾಜಿನ ಪೆಟ್ಟಿಗೆಯವರೆಗೆ ಒಯ್ದಿದೆ.

ಭಾರತ, ಶ್ರೀಲಂಕಾಗಳ ಸ್ವತ್ತು

ಸಾಕುವವರಲ್ಲಿ ಅತಿ ಹೆಚ್ಚು ಬೇಡಿಕೆಯಿರುವ ಮರವಾಸಿ ಟರಾಂಟುಲಾಗಳಲ್ಲಿ ಪೊಯಿಸಿಲೊಥೆರಿಯಾ ಕುಲದ್ದು ಪ್ರಮುಖ ಸ್ಥಾನ. ಭಾರತ ಹಾಗೂ ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಈ ಕುಲವಿಲ್ಲ. ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಆರ್.ಐ. ಪೊಕಾಕ್ 1895ರಲ್ಲಿ ಹೆಸರಿಸಿದ ಪೊಯಿಸಿಲೊಥೆರಿಯಾ ಸ್ಟ್ರಯಾಟಾ, ಹವ್ಯಾಸಿಗಳ ವಲಯದಲ್ಲಿ ಇಂದಿಗೂ 'ಮೈಸೂರು ಆರ್ನಮೆಂಟಲ್' ಎಂದೇ ಪ್ರಸಿದ್ಧ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಪಟ್ಟಿಯಲ್ಲಿರಿಸಿದೆ.

ಇನ್ನೂ ಶೋಚನೀಯ ಸ್ಥಿತಿ ನೀಲಿ ಬಣ್ಣದ ಪೊಯಿಸಿಲೊಥೆರಿಯಾ ಮೆಟಾಲಿಕಾದ್ದು. ಗುತ್ತಿಗಾರಿಗೆ ಸಂಬಂಧವಿಲ್ಲದ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದು ಜೇಡವನ್ನು ಆಧರಿಸಿ ಪೊಕಾಕ್ 1899ರಲ್ಲಿ ಇದನ್ನು ವರ್ಣಿಸಿದ್ದರು. ಶತಮಾನದ ನಂತರ, 2001ರಲ್ಲಿ, ನಂದ್ಯಾಲ-ಗಿದ್ದಲೂರು ನಡುವಣ ಕಾಡಿನಲ್ಲಿ ಅದು ಮತ್ತೆ ಕಂಡಿತು. ಕೆಲವೇ ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳ ಸಾಕುಪ್ರಾಣಿ ಮಾರುಕಟ್ಟೆಯನ್ನೂ ತಲುಪಿತು. ಇಂದು ಅದು ತೀವ್ರ ಅಳಿವಿನಂಚಿನಲ್ಲಿದೆ.

ಸಾಕುವ ಬಗೆ

ನೆಲದಲ್ಲಿ ಬಿಲ ತೋಡುವ ಟರಾಂಟುಲಾಗೆ ಅಗಲವಾದ ಪೆಟ್ಟಿಗೆ ಬೇಕಾದರೆ, ಮರವಾಸಿಗೆ ಎತ್ತರದ ಪೆಟ್ಟಿಗೆ ಬೇಕು. ಪೊಟರೆಯಂತೆ ಅಡಗಲು ನೆಟ್ಟಗೆ ನಿಲ್ಲಿಸಿದ ಮರದ ತೊಗಟೆ, ತಳದಲ್ಲಿ ತೆಂಗಿನ ನಾರಿನ ಪುಡಿ, ನೀರಿನ ಬಟ್ಟಲು, ಗಾಳಿಯಾಡಲು ರಂಧ್ರಗಳು ಅವಶ್ಯ. ಚಿಮ್ಮಂಡೆ, ಜಿರಲೆಗಳೇ ಆಹಾರ. ಪೊರೆ ಕಳಚುವ ದಿನಗಳಲ್ಲಿ ಅದನ್ನು ಅಲುಗಿಸುವಂತಿಲ್ಲ, ಜೀವಂತ ಕೀಟವನ್ನು ಒಳಗೆ ಬಿಡುವಂತಿಲ್ಲ. ಹೆಣ್ಣು ಜೇಡ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಗಂಡು ಪ್ರೌಢಾವಸ್ಥೆ ತಲುಪಿದ ಬಳಿಕ ಹೆಚ್ಚು ಕಾಲ ಬಾಳುವುದಿಲ್ಲ.

ಇದು ಕೈಯಲ್ಲಿ ಹಿಡಿದು ಮುದ್ದಿಸುವ ಪ್ರಾಣಿಯಲ್ಲ. ಅಮೆರಿಕ ಖಂಡದ ಅನೇಕ ಟರಾಂಟುಲಾಗಳಂತೆ ತುರಿಕೆಯ ರೋಮ ಉದುರಿಸುವ ಶಕ್ತಿ ಇದಕ್ಕಿಲ್ಲ. ಮಿಂಚಿನ ಓಟ ಮತ್ತು ಕಡಿತವೇ ಇದರ ಆತ್ಮರಕ್ಷಣೆ. ಕಡಿತದಿಂದ ಸಾವು ಸಂಭವಿಸಿದ ಖಚಿತ ದಾಖಲೆಯಿಲ್ಲವಾದರೂ, ತೀವ್ರ ನೋವು ಹಾಗೂ ದಿನಗಟ್ಟಲೆ ಮರುಕಳಿಸುವ ಸ್ನಾಯು ಸೆಳೆತ ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಕಡಿತಕ್ಕೊಳಗಾದವರು ವೈದ್ಯರನ್ನು ಕಾಣುವುದು ಕ್ಷೇಮ.

ಕಾನೂನು ಏನನ್ನುತ್ತದೆ?

2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದಲ್ಲಿ ಇಡೀ ಪೊಯಿಸಿಲೊಥೆರಿಯಾ ಕುಲವನ್ನು ವನ್ಯಜೀವಿ ವ್ಯಾಪಾರ ಒಪ್ಪಂದದ (ಸೈಟಿಸ್) ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಪರವಾನಗಿಯಿಲ್ಲದೆ ಇವುಗಳನ್ನು ದೇಶದ ಗಡಿ ದಾಟಿಸುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಿದ್ದು, ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ಪ್ರತ್ಯೇಕ ಅನುಸೂಚಿ ರೂಪಿಸಿದೆ. ಅದರಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ವರದಿ ಸಲ್ಲಿಸಿ ನೋಂದಾಯಿಸಬೇಕು. 2021ರ ಜುಲೈನಲ್ಲಿ ಪೋಲೆಂಡಿನಿಂದ ಚೆನ್ನೈಗೆ ಬಂದ ಅಂಚೆ ಪೊಟ್ಟಣದಲ್ಲಿ 107 ಜೀವಂತ ಜೇಡಗಳನ್ನು ಸುಂಕಾಧಿಕಾರಿಗಳು ಪತ್ತೆಹಚ್ಚಿದ್ದು, ಈ ಹವ್ಯಾಸ ನಮ್ಮ ದೇಶದಲ್ಲೂ ಬೇರೂರುತ್ತಿರುವುದಕ್ಕೆ ಸಾಕ್ಷಿ.

ಪೊಟರೆಯೇ ಆಧಾರ

ಸೆರೆಯಲ್ಲಿ ಹುಟ್ಟಿದ ಮರಿಗಳಿಂದ ವಿದೇಶಿ ಬೇಡಿಕೆಯ ಬಹುಪಾಲು ಪೂರೈಕೆಯಾಗಬಹುದು. ಆದರೆ ಕಾಡಿನಿಂದ ಪ್ರೌಢ ಹೆಣ್ಣೊಂದನ್ನು ಎತ್ತಿದರೆ ಹಲವು ವರ್ಷಗಳ ಸಂತಾನವೇ ನಷ್ಟವಾದಂತೆ. ಅದಕ್ಕಿಂತ ದೊಡ್ಡ ಅಪಾಯ ಹಳೆಯ ಮರಗಳ ನಾಶ. ಪೊಟರೆಯಿರುವ ಮರ ಉರುಳಿದರೆ ತಾಯಿಯೊಂದಿಗೆ ಅಲ್ಲೇ ನೆಲೆಸಿದ ಮರಿಗಳಿಗೂ ಆಸರೆ ತಪ್ಪುತ್ತದೆ.

ಮನೆಯೊಳಗೆ ಇಂಥ ಜೇಡ ಬಂದಲ್ಲಿ ಹೊಡೆದು ಕೊಲ್ಲುವ ಅಥವಾ ಬಾಟಲಿಗೆ ತುಂಬಿ ಮಾರುವ ಅಗತ್ಯವಿಲ್ಲ. ಅಗಲ ಬಾಯಿಯ ಡಬ್ಬಿಯನ್ನು ಅದರ ಮೇಲೆ ಕವುಚಿ, ಅಡಿಯಿಂದ ದಪ್ಪ ರಟ್ಟು ತೂರಿಸಿ, ಸಮೀಪದ ಮರದ ಬುಡದಲ್ಲಿ ಬಿಟ್ಟರೆ ಸಾಕು. ಬರಿಗೈಯಲ್ಲಿ ಮುಟ್ಟಬಾರದು.