ಎದೆಯಳತೆಯ ಕವಚ

ಮಹಾಭಾರತದ ಕರ್ಣ ಕವಚದೊಂದಿಗೇ ಹುಟ್ಟಿದವನು. ಅವನ ಕವಚವನ್ನು ಯಾವ ಕಮ್ಮಾರನೂ ಬಡಿದು ಮಾಡಲಿಲ್ಲ, ಯಾರೂ ಅವನ ಎದೆಯ ಅಳತೆ ತೆಗೆಯಲಿಲ್ಲ. ಅದು ಚರ್ಮದಂತೆ ಮೈಗೆ ಕೂಡಿಕೊಂಡೇ ಇತ್ತು. ಉಳಿದ ಯೋಧರಿಗೆ ಆ ಭಾಗ್ಯವಿಲ್ಲ. ಅವರ ಕವಚವನ್ನು ಒಬ್ಬರು ತಯಾರಿಸಬೇಕು, ಇನ್ನೊಬ್ಬರು ಕೊಂಡು ಹಂಚಬೇಕು, ಕೊನೆಗೆ ಅವರು ಅದನ್ನು ಹೊತ್ತು ನಡೆಯಬೇಕು. ಈ ಮೂರು ಕೈಗಳ ನಡುವೆ ಎಲ್ಲಿಯಾದರೂ ಅಳತೆ ತಪ್ಪಿದರೆ ತೆರಬೇಕಾದ ಬೆಲೆ ಒಂದು ಜೀವ.

ಬುಲೆಟ್ ಪ್ರೂಫ್ ಜಾಕೆಟ್ ಎಂದೊಡನೆ ಎಷ್ಟು ದಪ್ಪ, ಯಾವ ಗುಂಡನ್ನು ತಡೆಯುತ್ತದೆ ಎಂದು ಕೇಳುತ್ತೇವೆ. ಆದರೆ ಕವಚದ ಇತಿಹಾಸವನ್ನು ನೋಡಿದರೆ ಸೈನಿಕರನ್ನು ಹೆಚ್ಚು ಕಾಡಿರುವುದು ಬೇರೆ ಎರಡು ಪ್ರಶ್ನೆಗಳು. ಮೈಯ ಯಾವ ಭಾಗವನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು? ಮುಚ್ಚಿದ್ದನ್ನು ಹೊತ್ತು ಎಷ್ಟು ದೂರ ಓಡಬಹುದು?

ನಾಲ್ಕು ಕನ್ನಡಿಗಳು

ಇಂದಿನ ಸೈನಿಕನ ಕವಚದಲ್ಲಿ ಎರಡು ಭಾಗಗಳಿವೆ. ಒಂದು, ಗುಂಡನ್ನು ತಡೆಯುವ ಗಟ್ಟಿ ಫಲಕ, ಅಂದರೆ ಪ್ಲೇಟು. ಇನ್ನೊಂದು, ಆ ಫಲಕವನ್ನು ಎದೆ ಬೆನ್ನುಗಳ ಮೇಲೆ ಹಿಡಿದಿಡುವ ಬಟ್ಟೆಯ ಅಂಗಿ. ಇದಕ್ಕೆ ಪ್ಲೇಟ್ ಕ್ಯಾರಿಯರ್ ಎಂದು ಹೆಸರು. ಹೆಸರು ಹೊಸದು, ಉಪಾಯ ಮಾತ್ರ ಹಳೆಯದು.

ಪರ್ಷಿಯಾದಲ್ಲಿಯೂ ಮೊಗಲರ ಭಾರತದಲ್ಲಿಯೂ ‘ಚಾರ್ ಆಯಿನಾ’ ಎಂಬ ಕವಚ ಬಳಕೆಯಲ್ಲಿತ್ತು. ಹಾಗೆಂದರೆ ನಾಲ್ಕು ಕನ್ನಡಿ ಎಂದರ್ಥ. ಎದೆಗೊಂದು, ಬೆನ್ನಿಗೊಂದು, ಎರಡು ಪಕ್ಕೆಗೆ ಒಂದೊಂದು ಉಕ್ಕಿನ ಹಲಗೆಯನ್ನು ಪಟ್ಟಿಗಳಿಂದ ಬಿಗಿದು ಸರಪಳಿ ಅಂಗಿಯ ಮೇಲೆ ತೊಡುತ್ತಿದ್ದರು. ಪಕ್ಕೆಯ ಹಲಗೆಗಳ ಮೇಲಂಚನ್ನು ಕಂಕುಳಿನ ಕೆಳಗೆ ಅರ್ಧಚಂದ್ರಾಕಾರವಾಗಿ ಕತ್ತರಿಸಿರುತ್ತಿದ್ದರು, ಕತ್ತಿ ಬೀಸುವ ತೋಳಿಗೆ ತಡೆಯಾಗದಿರಲೆಂದು.

ನಮ್ಮ ವಿಜಯನಗರದ ಕುದುರೆ ಸವಾರರದ್ದೂ ಇದೇ ಜಾಣತನ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅಲ್ಲಿನ ಸೇನಾ ಪ್ರದರ್ಶನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸವಾರರು ತೊಟ್ಟಿದ್ದ ಅಂಗಿಗಳು ಕೌದಿಯಂತೆ ಪದರ ಪದರವಾಗಿ ಹೊಲಿದವು; ಅವುಗಳಿಗೆ ಗಟ್ಟಿ ತೊಗಲನ್ನೂ ಕಬ್ಬಿಣದ ಫಲಕಗಳನ್ನೂ ಸೇರಿಸಲಾಗಿತ್ತು. ಭಾರವನ್ನು ಬಟ್ಟೆ ಹೊತ್ತು, ಪೆಟ್ಟನ್ನು ಫಲಕ ತಿನ್ನುವ ಈ ಪಾಲುಗಾರಿಕೆ ಇಂದಿಗೂ ಬದಲಾಗಿಲ್ಲ.

ಕೆಲಿಯ ಕಾಲು

ಬಂದೂಕು ಬಲವಾದಂತೆ ಕವಚ ಹಿಂದೆ ಸರಿಯಿತು. ಗುಂಡನ್ನು ತಡೆಯುವಷ್ಟು ದಪ್ಪ ಮಾಡಿದರೆ ಮನುಷ್ಯ ಹೊರಲಾರ. ಹೊರುವಷ್ಟು ತೆಳ್ಳಗೆ ಮಾಡಿದರೆ ಗುಂಡು ನಿಲ್ಲದು. ಈ ಇಕ್ಕಟ್ಟಿನ ಅತ್ಯಂತ ಪ್ರಸಿದ್ಧ ಉದಾಹರಣೆ ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲಿ. ಅವನೂ ಅವನ ಸಂಗಡಿಗರೂ ನೇಗಿಲಿನ ಕಬ್ಬಿಣದ ತಗಡುಗಳನ್ನು ಬಡಿದು ನಾಲ್ಕು ಕವಚಗಳನ್ನು ಮಾಡಿಸಿಕೊಂಡಿದ್ದರು. ಕೆಲಿಯದ್ದು ಸುಮಾರು 44 ಕಿ.ಗ್ರಾಂ. ತೂಗುತ್ತಿತ್ತು. 1880ರ ಜೂನ್ 28ರಂದು ಗ್ಲೆನ್‌ರೋವನ್ ಎಂಬಲ್ಲಿ ಪೊಲೀಸರ ಗುಂಡುಗಳು ಅವನ ಎದೆಗೂ ತಲೆಗೂ ಬಡಿದು ಉದುರಿದವು. ಪೊಲೀಸರು ಕಾಲುಗಳತ್ತ ಗುರಿಯಿಟ್ಟರು. ಕಾಲಿಗೆ ಕವಚವಿರಲಿಲ್ಲ. ಕೆಲಿ ಕುಸಿದು ಸೆರೆಯಾದ; ಅದೇ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಕವಚ ತನ್ನ ಕೆಲಸ ಮಾಡಿತ್ತು. ಆದರೆ ಅದು ಮುಚ್ಚದೆ ಬಿಟ್ಟ ಜಾಗವನ್ನು ಶತ್ರು ಕಂಡುಕೊಂಡಿದ್ದ, ಅದರ ಭಾರ ಓಡಿ ತಪ್ಪಿಸಿಕೊಳ್ಳುವ ದಾರಿಯನ್ನೂ ಕಟ್ಟಿಹಾಕಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು 1916ರಿಂದ ಕಂದಕದ ಸೈನಿಕರಿಗೆ ಉಕ್ಕಿನ ಎದೆಗವಚ ಕೊಟ್ಟರು. 10 ಕಿ.ಗ್ರಾಂ. ಆಸುಪಾಸಿನ ಅದು ಕುಳಿತು ಕಾವಲು ಕಾಯುವವರಿಗೆ ಸರಿಹೋಯಿತು, ನುಗ್ಗಿ ಹೋಗುವವರಿಗೆ ಹೊರೆಯಾಯಿತು. ಅಮೆರಿಕವು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಪ್ರಾಚೀನ ಕವಚಗಳನ್ನು ನೋಡಿಕೊಳ್ಳುತ್ತಿದ್ದ ವಿದ್ವಾಂಸ ಬ್ಯಾಷ್‌ಫೋರ್ಡ್ ಡೀನ್ ಅವರನ್ನೇ ಹೊಸ ಕವಚಗಳ ವಿನ್ಯಾಸಕ್ಕೆ ಕರೆಸಿಕೊಂಡಿತು. ಶಿರಸ್ತ್ರಾಣಗಳೂ ಎದೆಗವಚಗಳೂ ಮಾದರಿಗಳಾಗಿ ಸಿದ್ಧವಾದವು. ಆದರೆ ದೊಡ್ಡ ಪ್ರಮಾಣದಲ್ಲಿ ಸೈನಿಕರ ಮೈಯೇರುವ ಮೊದಲೇ ಯುದ್ಧ ಮುಗಿಯಿತು.

ಎರಡನೆಯ ಮಹಾಯುದ್ಧದಲ್ಲಿ ಒಬ್ಬ ವೈದ್ಯರು ಪ್ರಶ್ನೆಯನ್ನೇ ಬದಲಿಸಿದರು. ಇಂಗ್ಲೆಂಡಿನಲ್ಲಿದ್ದ ಅಮೆರಿಕನ್ ವಾಯುಪಡೆಯ ಕರ್ನಲ್ ಮಾಲ್ಕಮ್ ಗ್ರೋ ಗಾಯಗೊಂಡ ವಿಮಾನ ಸಿಬ್ಬಂದಿಯನ್ನು ಪರೀಕ್ಷಿಸಿದಾಗ ಬಹುಪಾಲು ಗಾಯಗಳು ನೇರ ಗುಂಡಿನವಲ್ಲ, ಸಿಡಿದ ಶೆಲ್ಲಿನ ಚೂರುಗಳವು ಎಂದು ಕಂಡಿತು. ಚೂರುಗಳ ವೇಗ ಕಡಿಮೆ. ಅವನ್ನು ತಡೆಯಲು ತೆಳು ಉಕ್ಕು ಸಾಕು. ಲಂಡನ್ನಿನ ಕತ್ತಿ ತಯಾರಕರಾದ ವಿಲ್ಕಿನ್‌ಸನ್ ಸೋರ್ಡ್ ಕಂಪನಿ ಕ್ಯಾನ್ವಾಸ್ ಅಂಗಿಯೊಳಗೆ ಸಣ್ಣ ಮ್ಯಾಂಗನೀಸ್ ಉಕ್ಕಿನ ಫಲಕಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಕೊಟ್ಟಿತು. ಬರುವ ಅಪಾಯ ಯಾವುದು ಎಂದು ತಿಳಿದ ಮೇಲೆ ಕವಚ ಆರಿಸಬೇಕು ಎಂಬ ಪಾಠ ಇಲ್ಲಿಂದ ಗಟ್ಟಿಯಾಯಿತು.

ನೂಲು ಮತ್ತು ಪಿಂಗಾಣಿ

1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ಸಂಶೋಧನೆಯಿಂದ ಕೆವ್ಲಾರ್ ಎಂಬ ನೂಲಿಗೆ ದಾರಿಯಾಯಿತು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲವಾದ ಈ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿದರೆ ಪಿಸ್ತೂಲಿನ ಗುಂಡು ಬಲೆಗೆ ಬಿದ್ದ ಮೀನಿನಂತೆ ನಿಲ್ಲುತ್ತದೆ. 1970ರ ದಶಕದ ನಡುಭಾಗದಿಂದ ಅಮೆರಿಕದ ಪೊಲೀಸರು ಇದನ್ನು ಅಂಗಿಯೊಳಗೆ ತೊಡತೊಡಗಿದರು. ಆದರೆ ರೈಫಲ್ಲಿನ ಗುಂಡು ಈ ಬಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ. ಅದನ್ನು ತಡೆಯಲು ಗಟ್ಟಿ ಫಲಕವೇ ಬೇಕು.

ಫಲಕಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಉಕ್ಕು ಅಗ್ಗ, ಬಹುಕಾಲ ಬಾಳುತ್ತದೆ; ಆದರೆ ಭಾರ, ಮೇಲೆ ಒಡೆದ ಗುಂಡಿನ ಚೂರು ಸಿಡಿದು ಗಂಟಲಿಗೂ ಗದ್ದಕ್ಕೂ ಬಡಿಯುವ ಅಪಾಯವಿದೆ. ಎರಡನೆಯದು ಪಿಂಗಾಣಿ ಜಾತಿಯ ಸೆರಾಮಿಕ್: ಅಲ್ಯೂಮಿನಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್. ಇದು ತಾನು ಒಡೆಯುತ್ತಾ ಗುಂಡಿನ ಮೊನೆಯನ್ನು ಪುಡಿ ಮಾಡುತ್ತದೆ, ಹಿಂದಿರುವ ನಾರಿನ ಪದರ ಚೂರುಗಳನ್ನು ಹಿಡಿಯುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಸಿಬ್ಬಂದಿಗೆ ಮೊದಲು ಸಿಕ್ಕಿದ್ದು ಇದೇ. ಕುಳಿತು ಕೆಲಸ ಮಾಡುವವರಿಗೆ ಭಾರ ಅಷ್ಟು ಬಾಧಿಸಲಿಲ್ಲ. ಕೈಜಾರಿ ಬಿದ್ದರೆ ಒಳಗೇ ಬಿರುಕು ಬಿಡಬಹುದು ಎಂಬುದು ಇದರ ದೋಷ. ಅದನ್ನು ಪತ್ತೆ ಮಾಡಲು ಎಕ್ಸ್‌ರೇ ಬೇಕಾಗುತ್ತದೆ. ಮೂರನೆಯದು ಪಾಲಿಥಿಲೀನ್. ನೀರಿನಲ್ಲಿ ತೇಲುವಷ್ಟು ಹಗುರ; ಆದರೆ ಹೆಚ್ಚು ಶಾಖ ತಾಳದು, ಉಕ್ಕಿನ ತಿರುಳಿರುವ ಕೆಲವು ಗುಂಡುಗಳು ಇದನ್ನು ತೂರಬಲ್ಲವು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಫಲಕಗಳು ಒಂಟಿಯಾಗಿಯೇ ಗುಂಡು ತಡೆಯುತ್ತವೆ. ಕೆಲವಕ್ಕೆ ಹಿಂದೆ ಕೆವ್ಲಾರ್‌ನಂಥ ಮೆತ್ತನೆಯ ಪದರ ಇರಲೇಬೇಕು. ಎರಡನೆಯ ಜಾತಿಯದ್ದನ್ನು ಬರಿಯ ಅಂಗಿಯಲ್ಲಿ ಇಟ್ಟುಕೊಂಡರೆ ಭರವಸೆ ಅರ್ಧವೇ. ಭರವಸೆಗೂ ಆಯುಷ್ಯ ಇದೆ. ಜೈಲಾನ್ ಎಂಬ ನೂಲಿನ ಜಾಕೆಟ್ಟು 2003ರಲ್ಲಿ ಪೆನ್ಸಿಲ್ವೇನಿಯಾದ ಪೊಲೀಸನೊಬ್ಬನ ಮೈಮೇಲೆ ತೂತಾಯಿತು. ತೇವ ಮತ್ತು ಬೆಳಕಿಗೆ ಆ ನೂಲು ಸದ್ದಿಲ್ಲದೆ ಸವೆಯುತ್ತಿತ್ತು. 2005ರಲ್ಲಿ ಅಮೆರಿಕದ ನ್ಯಾಯ ಸಂಸ್ಥೆ ಅಂಥ ಜಾಕೆಟ್ಟುಗಳಿಗೆ ಕೊಟ್ಟ ಮಾನ್ಯತೆಯನ್ನು ಹಿಂದೆಗೆದುಕೊಂಡಿತು.

ಅಂಚಿನಾಚೆಯ ಸಾವು

ಅಳತೆಯ ಪ್ರಶ್ನೆ ಲೋಕದ ಗಮನ ಸೆಳೆದದ್ದು ಇರಾಕ್ ಯುದ್ಧದಲ್ಲಿ. ಅಮೆರಿಕದ ಸೈನಿಕರ ಸೆರಾಮಿಕ್ ಫಲಕಗಳು ಐದು ಅಳತೆಗಳಲ್ಲಿ ಬರುತ್ತಿದ್ದವು. ನಡು ಅಳತೆಯದ್ದು ಸುಮಾರು 24 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರ. ಎದೆಗೊಂದು, ಬೆನ್ನಿಗೊಂದು. ಪಕ್ಕೆಗೆ ಏನೂ ಇರಲಿಲ್ಲ. 2003ರ ಮಾರ್ಚ್‌ನಿಂದ 2005ರ ಜೂನ್‌ವರೆಗೆ ಮೈಯ ಮೇಲ್ಭಾಗದ ಗಾಯಗಳಿಂದ ಸತ್ತ ಮೆರೀನ್ ಯೋಧರ 93 ಪ್ರಕರಣಗಳನ್ನು ಸೇನೆಯ ವೈದ್ಯ ಪರೀಕ್ಷಕರು ಅಧ್ಯಯನ ಮಾಡಿದರು. 2006ರ ಜನವರಿಯಲ್ಲಿ ಅದು ಪತ್ರಿಕೆಗೆ ಸೋರಿತು. ಕನಿಷ್ಠ 74 ಪ್ರಕರಣಗಳಲ್ಲಿ ಗುಂಡು ಅಥವಾ ಚೂರು ಬಿದ್ದದ್ದು ಭುಜ, ಪಕ್ಕೆಯಂಥ ಫಲಕ ಇಲ್ಲದ ಕಡೆ. 31 ಗಾಯಗಳು ಫಲಕಕ್ಕೆ ಎಷ್ಟು ಸಮೀಪದಲ್ಲಿದ್ದವೆಂದರೆ, ಫಲಕ ತುಸು ದೊಡ್ಡದಿದ್ದರೂ ಫಲ ಬೇರೆಯಾಗಬಹುದಿತ್ತು.

ಪಕ್ಕೆಯ ಫಲಕಗಳು ಬಂದವು. ನಾಲ್ಕು ಕನ್ನಡಿಗಳ ಲೆಕ್ಕ ಮತ್ತೆ ಪೂರ್ತಿಯಾಯಿತು. ಆದರೆ ಎಲ್ಲ ಸೇರಿ ಜಾಕೆಟ್ಟಿನ ತೂಕ ಸುಮಾರು 14 ಕಿ.ಗ್ರಾಂ.ಗೆ ಏರಿತು. ಇರಾಕಿನ ಬೀದಿಯಲ್ಲಿ ವಾಹನದಿಂದ ಇಳಿದು ಹತ್ತುವವನಿಗೆ ಅದು ನಡೆದೀತು. ಅಫ್ಘಾನಿಸ್ತಾನದ ಬೆಟ್ಟ ಹತ್ತುವವನಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ದಣಿದವನು ನಿಧಾನವಾಗುತ್ತಾನೆ, ನಿಧಾನವಾದವನು ಗುರಿಯಾಗುತ್ತಾನೆ. ಹೀಗಾಗಿ 2009ರಲ್ಲಿ ಅಲ್ಲಿನ ಪಡೆಗಳಿಗೆ ಹಗುರವಾದ ಪ್ಲೇಟ್ ಕ್ಯಾರಿಯರ್ ಕೊಡಲಾಯಿತು. ಫಲಕಗಳು ಅವೇ, ಸುತ್ತಲ ಬಟ್ಟೆಯ ಹೊದಿಕೆಯನ್ನು ಮಾತ್ರ ಕಡಿಮೆ ಮಾಡಲಾಗಿತ್ತು. ಮೂರು ವರ್ಷ ಹಿಂದೆ ಹೆಚ್ಚು ಮುಚ್ಚಿ ಎಂದಿದ್ದ ಸೇನೆ ಈಗ ಸ್ವಲ್ಪ ಬಿಚ್ಚಿ ಎಂದಿತು. ಎರಡೂ ಸರಿಯೇ, ಅವರವರ ನೆಲಕ್ಕೆ.

ಬೆರಳಿಟ್ಟು ಅಳೆಯಿರಿ

ಹಾಗಾದರೆ ಸರಿಯಾದ ಅಳತೆ ಯಾವುದು? ಕೊರಳಿನ ಕೆಳಗೆ ಎರಡು ಎಲುಬುಗಳು ಕೂಡುವಲ್ಲಿ ಬೆರಳಿಟ್ಟರೆ ಒಂದು ಗುಳಿ ಸಿಗುತ್ತದೆ. ಎದೆಯ ಫಲಕದ ಮೇಲಂಚು ಅಲ್ಲಿಗೆ ಬರಬೇಕು. ಅಗಲ, ಒಂದು ಮೊಲೆತೊಟ್ಟಿನಿಂದ ಇನ್ನೊಂದಕ್ಕೆ ಇರುವಷ್ಟು. ಕೆಳಗಿನ ಅಂಚು ಹೊಕ್ಕುಳಿಗಿಂತ ಕೆಲವು ಬೆರಳು ಮೇಲೆಯೇ ನಿಲ್ಲಬೇಕು. ಇಷ್ಟರಲ್ಲಿ ಹೃದಯ, ಅದರಿಂದ ಹೊರಡುವ ದೊಡ್ಡ ರಕ್ತನಾಳಗಳು, ಶ್ವಾಸಕೋಶದ ಬಹುಭಾಗ ಸೇರುತ್ತವೆ. ಇವಕ್ಕೆ ಪೆಟ್ಟಾದರೆ ಆಸ್ಪತ್ರೆ ತಲುಪುವಷ್ಟು ಸಮಯವೂ ಇರುವುದಿಲ್ಲ. ಹೊಟ್ಟೆಯ ಗಾಯ ಭೀಕರವೇ ಆದರೂ ಶಸ್ತ್ರಚಿಕಿತ್ಸಕರ ಕೈಗೆ ಸ್ವಲ್ಪ ಹೊತ್ತು ಸಿಗುತ್ತದೆ. ಎಲ್ಲವನ್ನೂ ಮುಚ್ಚಲಾಗದು ಎಂದ ಮೇಲೆ ಇದು ಕಠೋರವಾದರೂ ಲೆಕ್ಕದ ಆಯ್ಕೆ.

ಬಹು ಜನ ಮಾಡುವ ತಪ್ಪು ಎಂದರೆ ಫಲಕವನ್ನು ಹೊಟ್ಟೆಯವರೆಗೆ ಜೋತುಬಿಡುವುದು. ಆಗ ಮೇಲಿನ ರಕ್ತನಾಳಗಳು ಬಯಲಾಗುತ್ತವೆ. ಕುಳಿತಾಗ ಫಲಕ ತೊಡೆಗೆ ತಾಗಿ ಮೇಲೆದ್ದು ಗಂಟಲಿಗೆ ಒತ್ತುತ್ತದೆ. ಎರಡನೆಯ ತಪ್ಪು, ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ. ಅಗಲ ಮೀರಿದರೆ ತೋಳುಗಳು ಮುಂದೆ ಕೂಡುವುದಿಲ್ಲ, ಬಂದೂಕಿನ ಹಿಡಿ ಹೆಗಲಿಗೆ ಕೂರುವುದಿಲ್ಲ.

ಅಂಗಿಯನ್ನು ಆರಿಸುವಾಗಲೂ ಒಂದು ಮಾತು ನೆನಪಿಡಬೇಕು. ಪ್ಲೇಟ್ ಕ್ಯಾರಿಯರ್‌ನ ಅಳತೆ ನಮ್ಮ ಷರ್ಟಿನ ಅಳತೆಯಲ್ಲ, ಫಲಕದ ಅಳತೆ. ಮಾರುಕಟ್ಟೆಯ 10 ಅಂಗುಲ ಅಗಲ, 12 ಅಂಗುಲ ಎತ್ತರದ ಫಲಕವನ್ನು ಅದಕ್ಕಿಂತ ದೊಡ್ಡ ಜೇಬಿಗೆ ಹಾಕಿದರೆ ಓಡುವಾಗ ಜಾರುತ್ತದೆ. ಎದೆಯ ಮೇಲೆ ಎರಡು ಅಂಗುಲ ಜಾರಿದ ಫಲಕ, ಇರಾಕಿನ ಲೆಕ್ಕದ ಪ್ರಕಾರ, ಇಲ್ಲದ ಫಲಕವೇ ಆಗಬಹುದು. ಹೆಗಲ ಪಟ್ಟಿ ಎತ್ತರವನ್ನು ನಿರ್ಧರಿಸಬೇಕು, ಸೊಂಟದ ಪಟ್ಟಿ ಅಲುಗದಂತೆ ಬಿಗಿಯಬೇಕು. ಆದರೂ ಪೂರ್ತಿ ಉಸಿರೆಳೆಯಲು ಬರಬೇಕು.

ಹೆಣ್ಣಿನ ಮೈಗೆ ಈ ಅಳತೆಗಳು ಬಹುಕಾಲ ಹೊಂದಲೇ ಇಲ್ಲ. ಗಂಡಸಿಗೆಂದು ಹೊಲಿದದ್ದನ್ನೇ ಸಣ್ಣದು ಮಾಡಿ ಕೊಡುತ್ತಿದ್ದರು. ಅದು ಎದೆಯ ಬಳಿ ಬಿಗಿದು, ಪಕ್ಕದಲ್ಲಿ ಸಡಿಲವಾಗಿ, ಸೊಂಟಕ್ಕೆ ಚುಚ್ಚುತ್ತಿತ್ತು. ಅಮೆರಿಕದ ಸೇನೆ ಮಹಿಳೆಯರಿಗಾಗಿಯೇ ಎಂಟು ಅಳತೆಗಳ ಜಾಕೆಟ್ಟನ್ನು ರೂಪಿಸಿದ್ದು 2012ರ ಹೊತ್ತಿಗೆ.

ನಮ್ಮವರ ಎದೆ

ನಮ್ಮಲ್ಲಿ ಈ ಚರ್ಚೆ ಮನೆಮನೆಗೆ ಬಂದದ್ದು 2008ರ ನವೆಂಬರ್ 26ರಂದು. ಮುಂಬಯಿಯಲ್ಲಿ ಭಯೋತ್ಪಾದನಾ ನಿಗ್ರಹ ದಳದ ಮುಖ್ಯಸ್ಥ ಹೇಮಂತ ಕರ್ಕರೆ ಶಿರಸ್ತ್ರಾಣ ಮತ್ತು ಜಾಕೆಟ್ ತೊಡುತ್ತಿದ್ದುದನ್ನು ದೇಶ ಟಿ.ವಿ.ಯಲ್ಲಿ ನೋಡಿತು, ಸ್ವಲ್ಪ ಹೊತ್ತಿಗೇ ಅವರು ಹತರಾದರು. ಜಾಕೆಟ್ಟಿನ ಗುಣಮಟ್ಟದ ಬಗ್ಗೆ ಬಹುಕಾಲ ವಾದ ನಡೆಯಿತು. ಗುಂಡುಗಳು ಕುತ್ತಿಗೆ ಮತ್ತು ಭುಜದ ಭಾಗಕ್ಕೆ ತಗುಲಿದ್ದವೆಂದು ಆಗ ವರದಿಯಾಯಿತು. ಎದೆಯ ಫಲಕ ಎಷ್ಟೇ ಉತ್ತಮವಾಗಿದ್ದರೂ ಕಾಯದ ಜಾಗ ಅದು.

ಆ ನಂತರ ಕೆಲಸಗಳು ಆಗಿವೆ. 2018ರಲ್ಲಿ ಸೇನೆಗೆ 1,86,138 ಜಾಕೆಟ್ಟುಗಳನ್ನು ಕೊಳ್ಳಲು 639 ಕೋಟಿ ರೂ.ಗಳ ಒಪ್ಪಂದವಾಯಿತು. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆ ಬುಲೆಟ್ ಪ್ರೂಫ್ ಜಾಕೆಟ್ಟುಗಳಿಗೆ ದೇಶದ್ದೇ ಆದ ಮಾನದಂಡ ಪ್ರಕಟಿಸಿತು. 2024ರಲ್ಲಿ ಕಾನಪುರದ ರಕ್ಷಣಾ ಪ್ರಯೋಗಾಲಯವು ಅತ್ಯುನ್ನತವಾದ 6ನೇ ಹಂತದ ಗುಂಡನ್ನು ತಡೆಯುವ ಹಗುರ ಜಾಕೆಟ್ಟನ್ನೂ, ಅದೇ ವರ್ಷ ದೆಹಲಿಯ ಐ.ಐ.ಟಿ. ಜೊತೆಗೂಡಿ ರಕ್ಷಣಾ ಸಂಶೋಧನಾ ಸಂಸ್ಥೆಯು ‘ಅಭೇದ್’ ಎಂಬ ಜಾಕೆಟ್ಟನ್ನೂ ತಯಾರಿಸಿದವು.

ಪ್ರಯೋಗಾಲಯದಲ್ಲಿ ಜೇಡಿಮಣ್ಣಿನ ಮುದ್ದೆಯ ಮುಂದೆ ಕವಚವನ್ನಿಟ್ಟು ಗುಂಡು ಹಾರಿಸುತ್ತಾರೆ. ಅಮೆರಿಕದ ಮಾನದಂಡದಂತೆ ಮಣ್ಣಿನಲ್ಲಿ ಮೂಡುವ ಗುಳಿ 44 ಮಿ.ಮೀ. ಮೀರಬಾರದು. ಮಣ್ಣು ಓಡುವುದಿಲ್ಲ, ಬೆವರುವುದಿಲ್ಲ, ಅದಕ್ಕೆ ಕುಳ್ಳು ಉದ್ದ ಎಂಬುದಿಲ್ಲ. ಠಾಣೆಯ ಮೂಲೆಯಲ್ಲಿ ಸಾಲಾಗಿ ತೂಗುಹಾಕಿದ ಒಂದೇ ಅಳತೆಯ ಜಾಕೆಟ್ಟನ್ನು ಪಾಳಿಗೊಬ್ಬರಂತೆ ತೊಡುವ ಪೇದೆಗೆ ಇವೆಲ್ಲ ಇವೆ. ಕೊಳ್ಳುವಾಗ ಎಷ್ಟು ಜಾಕೆಟ್ಟು ಎಂದು ಎಣಿಸುವುದು ಸುಲಭ. ಯಾರ ಎದೆಗೆ ಯಾವುದು ಎಂದು ಟೇಪು ಹಿಡಿದು ಅಳೆಯುವುದು ಸಣ್ಣ ಕೆಲಸ, ಖರ್ಚೂ ಇಲ್ಲ. ಗುಂಡು ಬರುವ ದಿನ ಕಾಯುವುದು ಆ ಸಣ್ಣ ಕೆಲಸವೇ.