ಮಳೆಗೆ ಇನ್ಶೂರೆನ್ಸ್ ಮಾಡಿಸಲು ಹೊರಟ ಮೈಸೂರಿನ ಅಧಿಕಾರಿ

ಹೋದ ಸಲ ಊರಿಗೆ ಹೋಗಿದ್ದಾಗ ಅಪ್ಪನ ಹಳೇ ಟ್ರಂಕಿನಲ್ಲಿ ಪಹಣಿ ಹುಡುಕುತ್ತಾ ಕೂತಿದ್ದೆ. ಪಹಣಿ ಸಿಗಲಿಲ್ಲ, ಬೆಳೆ ವಿಮೆಯ ಒಂದು ರಸೀದಿ ಸಿಕ್ಕಿತು. ಬೆಳೆ ಸಾಲ ಕೊಡುವಾಗಲೇ ಪ್ರೀಮಿಯಂ ಹಿಡಿದುಕೊಂಡಿದ್ದರು. ಆ ವರ್ಷ ನಮ್ಮ ಮುಸುಕಿನ ಜೋಳ ಮೊಣಕಾಲೆತ್ತರ ಬಂದು ಒಣಗಿಹೋಯಿತು. ವಿಮೆ ದುಡ್ಡು ಮಾತ್ರ ಬರಲಿಲ್ಲ. ವಿಚಾರಿಸಿದರೆ, ನಿಮ್ಮ ಪಂಚಾಯ್ತಿಯ ಸರಾಸರಿ ಇಳುವರಿ ಚೆನ್ನಾಗಿಯೇ ಇದೆ ಎಂದರಂತೆ. ಅಪ್ಪ ಹೇಳಿದ್ದು ಇಷ್ಟೇ: "ಆಚ ಕಡ ಹುಯ್ತು, ಈಚ ಕಡ ಒಂದು ಹನಿನೂ ಬೀಳ್ನಿಲ್ಲ ಕನ."

ಮಾಂಬಳ್ಳಿ ಸುತ್ತಮುತ್ತಲಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ, ಹತ್ತಿರದಲ್ಲೇ ಸುವರ್ಣಾವತಿ ಹೊಳೆ. ಆದರೂ ಒಂದು ಊರಿಗೆ ಬಂದ ಮಳೆ ಪಕ್ಕದ ಊರಿಗೆ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಆ ರಸೀದಿ ಹಿಡಿದುಕೊಂಡು ಈ ಬೆಳೆ ವಿಮೆ ಎಲ್ಲಿಂದ ಶುರುವಾಯಿತು ಅಂತ ಓದುತ್ತಾ ಹೋದೆ. ಕೊನೆಗೆ ಹೋಗಿ ನಿಂತದ್ದು ನಮ್ಮ ಹಳೇ ಮೈಸೂರಿನಲ್ಲೇ! ನಿಜವಾಗಿಯೂ ಆಶ್ಚರ್ಯವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಈಗ ಬ್ಯಾಂಕಿನವರು, ಷೇರು ಪೇಟೆಯವರು 'ಹವಾಮಾನದ ಅಪಾಯ' ಅನ್ನುವ ಮಾತನ್ನು ಹೊಸದೇನೋ ಎಂಬಂತೆ ಆಡುತ್ತಾರೆ. 2015ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ ಲಂಡನ್ನಿನ ವಿಮೆಗಾರರ ಮುಂದೆ ಈ ಬಗ್ಗೆ ಮಾಡಿದ ಭಾಷಣ ಬಹಳ ಹೆಸರಾಯಿತು. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ, ಬ್ಯಾಂಕುಗಳು ತಮ್ಮ ಹವಾಮಾನ ಸಂಬಂಧಿ ಅಪಾಯಗಳನ್ನು ಬಹಿರಂಗಪಡಿಸಬೇಕೆಂಬ ಕರಡು ಹೊರಡಿಸಿತು. ಒಳ್ಳೆಯದೇ. ಆದರೆ ಮಳೆ ಕೈಕೊಟ್ಟರೆ ಖಜಾನೆ ಏನಾಗುತ್ತದೆ ಎಂದು ಮೈಸೂರು ಸರ್ಕಾರಕ್ಕೆ 1876ರಲ್ಲೇ ಗೊತ್ತಾಗಿತ್ತು.

ನಮ್ಮ ಕಡೆ ಹಿರಿಯರು 'ಧಾತು ಈಶ್ವರದ ಬರ' ಎನ್ನುತ್ತಿದ್ದದ್ದು ಅದೇ. ಧಾತು ಸಂವತ್ಸರ, ಅದರ ಹಿಂದೆಯೇ ಈಶ್ವರ ಸಂವತ್ಸರ, ಅಂದರೆ 1876ರಿಂದ 78. ಮೈಸೂರಿನ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರಲ್ಲಿ 41.8 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಬದಲಿಗೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆಯಾದರು. ಬರಕ್ಕೆ ಮುಂಚೆ ಸಂಸ್ಥಾನದ ಕೈಯಲ್ಲಿ ಉಳಿತಾಯದ ಹಣವಿತ್ತು. ಅದೆಲ್ಲ ಕರಗಿ, 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಬರುವ ಹೊತ್ತಿಗೆ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. ದಿವಾನ್ ರಂಗಾಚಾರ್ಲು ಅಧಿಕಾರ ವಹಿಸಿಕೊಂಡದ್ದು ಈ ಸಾಲದೊಂದಿಗೆ. ಬರಗಾಲದ ಕೂಲಿ ಕೆಲಸವಾಗಿಯೂ ನಡೆದ ಬೆಂಗಳೂರು–ಮೈಸೂರು ರೈಲು ದಾರಿ 1882ರಲ್ಲಿ ಮೈಸೂರು ಮುಟ್ಟಿತು.

ಇಲ್ಲೊಂದು ಸ್ಥಳೀಯ ವಿಷಯ ಹೇಳಿಬಿಡುತ್ತೇನೆ. ಯಳಂದೂರು ಆಗ ಮೈಸೂರು ಸೀಮೆಯ ಜಹಗೀರು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ್ದು. ಪಕ್ಕದ ಕೊಳ್ಳೇಗಾಲ ಮಾತ್ರ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ. ಮೋಡ ಒಂದೇ, ಬರವೂ ಒಂದೇ, ಆದರೆ ಗಡಿಯ ಈಚೆಗೆ ಒಂದು ಖಜಾನೆ, ಆಚೆಗೆ ಇನ್ನೊಂದು.

ಬರದ ನಂತರ ದುಡ್ಡು ಎಲ್ಲಿಗೆ ಹರಿಯಿತು ಅನ್ನುವುದು ಸ್ವಾರಸ್ಯದ ಕಥೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋಯಿತು. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಕರೆಂಟೂ ಇಳಿಯುತ್ತದೆ. ಗಣಿ ಕಂಪನಿಗಳಿಗೆ ವರ್ಷವಿಡೀ ಕರೆಂಟು ಬೇಕು. ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಲು ವಿಶ್ವೇಶ್ವರಯ್ಯನವರು ಮುಂದಿಟ್ಟ ಕಾರಣಗಳಲ್ಲಿ ನೀರಾವರಿಯ ಜೊತೆಗೆ ಇದೂ ಒಂದು. 1911ರಲ್ಲಿ ಕೆಲಸ ಶುರುವಾಯಿತು. ಅಂದರೆ ನದಿ ಬತ್ತುವ ಅಪಾಯವನ್ನು ಲೆಕ್ಕ ಹಾಕಿಯೇ ಅಷ್ಟು ದೊಡ್ಡ ಬಂಡವಾಳ ಹೂಡಿದ್ದು. ಮಂಡ್ಯದ ಕಡೆ ನಾಲೆ ಬಂದು ಜನ ಬದುಕಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾಲೆ ಬಾರದ ಹೊಲದವನು? ರಾಗಿ, ಹುರುಳಿ ಬಿತ್ತಿ ಆಕಾಶ ನೋಡುವವನು?

ಅವನಿಗೆ ಸಾಲ ಕೊಡುತ್ತಿದ್ದವನು ಸಾಹುಕಾರ. 1905ರಲ್ಲಿ ಮೈಸೂರಿನಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಅದರಲ್ಲಿ ಒಂದು ತೊಡಕಿದೆ. ಒಬ್ಬ ಸದಸ್ಯನ ಎತ್ತು ಸತ್ತರೆ ಉಳಿದವರು ಅವನ ಕೈ ಹಿಡಿಯಬಹುದು. ಮಳೆ ಹೋದರೆ ಊರಿಗೆ ಊರೇ ಒಟ್ಟಿಗೆ ಸಾಲ ಕಟ್ಟಲಾಗದೆ ಕೂರುತ್ತದೆ, ಆಗ ಸಂಘವೇ ಕುಸಿಯುತ್ತದೆ. ಹಾಗಾಗಿ ಅಪಾಯವನ್ನು ಊರಿನಾಚೆಗೆ, ಮಳೆ ಬೇರೆ ಥರ ಬೀಳುವ ಸೀಮೆಗಳ ಮೇಲೂ ಹಂಚಬೇಕು.

ಇದಕ್ಕೆ ದಾರಿ ಹುಡುಕಿದವರು ಜೆ. ಎಸ್. ಚಕ್ರವರ್ತಿ. ಮೈಸೂರು ಸರ್ಕಾರದ ಹಣಕಾಸಿನ ಕಡೆ ದೊಡ್ಡ ಹುದ್ದೆಯಲ್ಲಿದ್ದವರು. ಮೈಸೂರು ಎಕನಾಮಿಕ್ ಜರ್ನಲ್‌ನಲ್ಲಿ ಲೇಖನಗಳನ್ನು ಬರೆದು, 1920ರಲ್ಲಿ ಕೃಷಿ ವಿಮೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ತಂದರು. ಅವರ ಯೋಚನೆ ತುಂಬ ಸರಳ. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ಎಷ್ಟು ನಷ್ಟವಾಯಿತು ಎಂದು ಅಳೆಯುವುದು ಆಗದ ಕೆಲಸ. ಅದಕ್ಕೆ ಖರ್ಚು ಜಾಸ್ತಿ, ಮೋಸಕ್ಕೂ ಜಾಗ. (ಅಳೆಯಲು ಬಂದವನ ಕೈ ಬಿಸಿ ಮಾಡುವ ಪದ್ಧತಿ ಆಗಲೂ ಇತ್ತೆಂದೇ ನನ್ನ ನಂಬಿಕೆ!) ಹಾಗಾದರೆ ಬೆಳೆಯನ್ನು ಅಳೆಯುವ ಬದಲು ಮಳೆಯನ್ನೇ ಅಳೆಯೋಣ. ಒಂದು ಪ್ರದೇಶಕ್ಕೆ ಒಂದು ಮಳೆ ಮಾಪಕ, ಅಲ್ಲಿ ಮಳೆ ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆ ಬಿದ್ದರೆ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ. ಹೊಲ ನೋಡುವವರೂ ಬೇಡ, ಅರ್ಜಿಯೂ ಬೇಡ. ಬರೀ ಬಾಯಿಮಾತಲ್ಲ, 1870ರಿಂದ 1914ರವರೆಗಿನ ಮಳೆಯ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ತೋರಿಸಿದರು. ಆ ಅಂಕಿಗಳಲ್ಲಿ ಧಾತು ಈಶ್ವರದ ಬರವೂ ಸೇರಿದೆ ಅನ್ನುವುದನ್ನು ಗಮನಿಸಿ.

ಯೋಜನೆ ಜಾರಿಗೆ ಬರಲಿಲ್ಲ. ಕಾಗದದ ಮೇಲೇ ಉಳಿಯಿತು.

ಅದಾದ ಮೇಲೆ ದೇಶದಲ್ಲಿ ಆದದ್ದೆಲ್ಲ ಬೇರೆ ದಾರಿ. 1970ರ ದಶಕದ ಆರಂಭದಲ್ಲಿ ಗುಜರಾತಿನ ಹತ್ತಿ ಬೆಳೆಗಾರರಿಗೆ ಒಬ್ಬೊಬ್ಬರ ಹೊಲ ನೋಡಿ ವಿಮೆ ಕೊಡುವ ಪ್ರಯೋಗ ನಡೆದು ಸೋತಿತು. ಪ್ರೊಫೆಸರ್ ದಾಂಡೇಕರ್ ಅವರು ಪ್ರದೇಶದ ಸರಾಸರಿ ಇಳುವರಿ ಹಿಡಿಯಿರಿ ಎಂದರು. 1985ರ ಯೋಜನೆ, 1999ರದು, 2016ರ ಫಸಲ್ ಬಿಮಾ ಎಲ್ಲವೂ ಹೆಚ್ಚುಕಡಿಮೆ ಅದೇ ದಾರಿಯವು. 2003ರಲ್ಲಿ ಆಂಧ್ರದ ಮಹಬೂಬ್‌ನಗರದಲ್ಲಿ ಮಳೆ ವಿಮೆ ಸಣ್ಣದಾಗಿ ಶುರುವಾಯಿತು. 2006ರಲ್ಲಿ ವಿಶ್ವ ಆಹಾರ ಕಾರ್ಯಕ್ರಮದವರು ಇಥಿಯೋಪಿಯಾದ ಬರಕ್ಕೆ ಒಂದು ಫ್ರೆಂಚ್ ಕಂಪನಿಯಿಂದ ಮಳೆ ಲೆಕ್ಕದ ಮೇಲೆ ವಿಮೆ ಕೊಂಡಾಗ ಜಗತ್ತೆಲ್ಲ ಹೊಸ ಆವಿಷ್ಕಾರ ಎಂದಿತು. 2007ರ ಮುಂಗಾರಿನಲ್ಲಿ ಸರ್ಕಾರಿ ಹವಾಮಾನ ಆಧಾರಿತ ಬೆಳೆ ವಿಮೆಯ ಮೊದಲ ಪ್ರಯೋಗ ನಡೆದದ್ದು ಕರ್ನಾಟಕದಲ್ಲೇ. ಚಕ್ರವರ್ತಿಯವರ ಪುಸ್ತಕ ಬಂದು ಆಗ 87 ವರ್ಷ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮಾತು. ಅಪ್ಪನ ತಕರಾರು ಚಕ್ರವರ್ತಿಯವರ ಯೋಜನೆಗೂ ತಾಗುತ್ತದೆ, ಇನ್ನೂ ಜೋರಾಗಿಯೇ. ಆ ಕಾಲದ ಮಳೆ ಮಾಪಕಗಳು ಹೆಚ್ಚಾಗಿ ತಾಲೂಕು ಕೇಂದ್ರದಲ್ಲಿ. ಯಳಂದೂರಿನ ಕಚೇರಿಯ ಅಂಗಳದಲ್ಲಿ ಸುರಿದ ಮಳೆ ಮಾಂಬಳ್ಳಿಯ ಹೊಲದಲ್ಲಿ ಸುರಿದಿದೆ ಎಂದು ಯಾರು ಹೇಳಬೇಕು? ಈಗ ರಾಜ್ಯದ ಗ್ರಾಮ ಪಂಚಾಯ್ತಿಗಳಲ್ಲೇ ತಾನಾಗಿ ಲೆಕ್ಕ ಕಳಿಸುವ ಮಳೆ ಮಾಪಕಗಳಿವೆ. ಚಕ್ರವರ್ತಿಯವರು ಇದನ್ನು ನೋಡಿದ್ದರೆ ಕುಣಿದಾಡುತ್ತಿದ್ದರೇನೋ. ಆದರೂ ಪಂಚಾಯ್ತಿಯ ಆ ತುದಿಗೂ ಈ ತುದಿಗೂ ಮಳೆ ಬೇರೆಯೇ ಇರುವುದುಂಟು.

ಇನ್ನೊಂದು, ಹಿಂದಿನ 45 ವರ್ಷದ ಮಳೆ ನೋಡಿ ಪ್ರೀಮಿಯಂ ಗೊತ್ತುಮಾಡುವುದು ಮುಂದಿನ ಮಳೆಯೂ ಹಾಗೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಅದೇ ಈಗ ಅಲುಗಾಡುತ್ತಿದೆ. ಬರ ಮೇಲಿಂದ ಮೇಲೆ ಬರುತ್ತದೆ ಎಂದು ಗೊತ್ತಾದರೆ ವಿಮೆ ಕಂಪನಿ ಪ್ರೀಮಿಯಂ ಏರಿಸುತ್ತದೆ. ಮುಂಗಾರು ಆಹಾರ ಬೆಳೆಗೆ ಫಸಲ್ ಬಿಮಾದಲ್ಲಿ ರೈತ ಕಟ್ಟುವುದು ಹೆಚ್ಚೆಂದರೆ ನೂರಕ್ಕೆ 2, ಉಳಿದದ್ದು ಸರ್ಕಾರದ್ದು. ಭಾರ ಹೋಗಿ ಕೂರುವುದು ಮತ್ತೆ ಖಜಾನೆಯ ಮೇಲೇ, ರಂಗಾಚಾರ್ಲು ಕಾಲದ ಹಾಗೆ.

2020ರಿಂದ ಸಾಲ ಪಡೆದವರಿಗೂ ಈ ವಿಮೆ ಕಡ್ಡಾಯವಲ್ಲ. ಈ ಸಲ ಮಾಡಿಸೋಣವಾ ಅಂತ ಅಪ್ಪನನ್ನು ಕೇಳಿದೆ. ರಸೀದಿಯನ್ನು ಮಡಿಚಿ ಮತ್ತೆ ಟ್ರಂಕಿಗೇ ಹಾಕಿದರು. "ನೋಡವ ತಕ್ಕ, ಮೊದ್ಲು ಮಳ ಬರ್ಲಿ" ಎಂದರು. ಕೊನೆಯ ದಿನಾಂಕದೊಳಗೆ ಕಟ್ಟಬೇಕಪ್ಪ ಎಂದು ಹೇಳಿದ್ದೇನೆ, ನೋಡಬೇಕು.